ಅಧಿಕ ಮಾಸಕ್ಕೂ ಕಾಯುವ ಹೂವು

ಸೇಂಟ್ ಲೂಯಿಸಿನಲ್ಲಿ ನವರಾತ್ರಿ ಬರುವ ಹೊತ್ತಿಗೆ ಹಿತ್ತಲಿಗೆ ಸಾಕುಸಾಕಾಗಿರುತ್ತದೆ. ಜಿನ್ನಿಯಾ ಎಲೆಯ ಮೇಲೆಲ್ಲ ಬೂದಿರೋಗ. ಗುಲಾಬಿಯನ್ನು ಜಪಾನಿ ಜೀರುಂಡೆಗಳು ಬೇಸಿಗೆಯಲ್ಲೇ ಮುಗಿಸಿರುತ್ತವೆ. ಚೆಂಡುಹೂವೇನೋ ಉಳಿದಿರುತ್ತದೆ, ಆದರೆ ಒಂಬತ್ತು ದಿನವೂ ಬರೀ ಚೆಂಡುಹೂ ಏರಿಸಿದರೆ ದೇವಿಗೂ ಬೇಜಾರಾದೀತು. ಊರಲ್ಲಿ ಮಾನವಮಿ ಬಂತೆಂದರೆ ಹೂವಿನ ರೇಟು ಕೇಳಿ ಹೌಹಾರುತ್ತಾರೆ. ಇಲ್ಲಿ ಆ ಸುಖವೂ ಇಲ್ಲ, ರೇಟು ಕೇಳಲು ಹೂವಾಡಗಿತ್ತಿಯೇ ಇಲ್ಲ.

ಮೇಲಾಗಿ ನಮ್ಮ ಹಬ್ಬಗಳು ಒಂದು ಕಡೆ ನಿಲ್ಲುವ ಪೈಕಿಯಲ್ಲ. 2025ರಲ್ಲಿ ವಿಜಯದಶಮಿ ಅಕ್ಟೋಬರ್ 2ಕ್ಕೇ ಬಂದು ಕೂತಿತ್ತು. 2023ರಲ್ಲಿ ಶ್ರಾವಣ ಎರಡು ಸಲ ಬಂದು ಅದು 24ಕ್ಕೆ ಹೋಗಿತ್ತು. 2020ರಲ್ಲಂತೂ ಆಶ್ವಯುಜಕ್ಕೇ ಅಧಿಕ. ಹಬ್ಬ ಅಕ್ಟೋಬರಿನ ಕೊನೆಯ ವಾರದ ತನಕ ಜಾರಿತು. ನಮ್ಮ ಕಡೆ ರಾತ್ರಿಯ ಇಬ್ಬನಿ ಹುಲ್ಲಿನ ಮೇಲೆ ಹೆಪ್ಪುಗಟ್ಟಲು ಶುರುವಾಗುವುದೂ ಹೆಚ್ಚುಕಮ್ಮಿ ಆಗಲೇ. ಪಂಚಾಂಗದವರು ಮಿಸ್ಸೌರಿಯ ಥರ್ಮಾಮೀಟರ್ ನೋಡಿ ತಿಥಿ ಹಾಕುವುದಿಲ್ಲ ಎಂದು ಅವರ ಮೇಲೆ ಸಿಟ್ಟಾಗಿ ಪ್ರಯೋಜನವಿಲ್ಲ.

ಈ ತಕರಾರನ್ನು ಬಗೆಹರಿಸಿದ್ದು ಮೊಣಕಾಲೆತ್ತರದ ಒಂದು ಪೊದೆ. ಇಲ್ಲಿನವರು ಅದನ್ನು ಅರೋಮ್ಯಾಟಿಕ್ ಆಸ್ಟರ್ ಎನ್ನುತ್ತಾರೆ. ಎಲೆ ಹೊಸಕಿದರೆ ಸಣ್ಣಗೆ ರಾಳದ ವಾಸನೆ. ನನ್ನ ಹತ್ತಿರ ಇರುವುದು ‘ಅಕ್ಟೋಬರ್ ಸ್ಕೈಸ್’ ಎಂಬ ತಳಿ. ಎತ್ತರ ಒಂದೂವರೆ ಅಡಿ, ಅಗಲ ಅದಕ್ಕಿಂತ ಒಂದು ಕೈ ಜಾಸ್ತಿ. ‘ರೇಡನ್ಸ್ ಫೇವರಿಟ್’ ಎಂಬ ಇದರ ಅಣ್ಣನೊಬ್ಬನಿದ್ದಾನೆ, ಎರಡು ಮೂರು ಅಡಿ ಬೆಳೆಯುವವನು. ಅವನಿಗೆ ನಮ್ಮ ಮನೆಯಲ್ಲಿ ಜಾಗವಿಲ್ಲ. ಸಸ್ಯಶಾಸ್ತ್ರಜ್ಞರು 1990ರ ದಶಕದಲ್ಲಿ ಅಮೆರಿಕದ ಆಸ್ಟರುಗಳನ್ನು ಹೆಚ್ಚುಕಮ್ಮಿ ಎಲ್ಲವನ್ನೂ ಆಸ್ಟರ್ ಕುಲದಿಂದಲೇ ಹೊರಗೆ ಹಾಕಿ, ಬಹುಪಾಲನ್ನು ಸಿಂಫಿಯೋಟ್ರೈಕಮ್ ಎಂಬ ಕುಲಕ್ಕೆ ಸೇರಿಸಿದರು. ನರ್ಸರಿಯವರು ಕಿವಿಗೆ ಹಾಕಿಕೊಳ್ಳಲಿಲ್ಲ, ನಾನೂ ಹಾಕಿಕೊಂಡಿಲ್ಲ.

ಸೆಪ್ಟೆಂಬರಿನಲ್ಲಿ ರಾತ್ರಿ ಉದ್ದವಾಗುತ್ತ ಹೋದ ಹಾಗೆ ಗಿಡದ ತುಂಬ ಮೊಗ್ಗು. ತಿಂಗಳ ಕೊನೆಗೆ ಅರಳಲು ತೊಡಗಿದರೆ ಅಕ್ಟೋಬರ್ ಪೂರ್ತಿ ಎಲೆ ಕಾಣದಷ್ಟು ನೀಲಿನೇರಳೆ ಹೂ. ಸಣ್ಣಪುಟ್ಟ ಹಿಮಕ್ಕೆ ಬಗ್ಗುವುದಿಲ್ಲ. ಅಧಿಕ ಮಾಸ ಬರಲಿ ಬಿಡಲಿ, ಹಬ್ಬ ಈ ತುದಿಗೆ ಬೀಳಲಿ ಆ ತುದಿಗೆ ಬೀಳಲಿ, ಹೂವು ಇದ್ದೇ ಇರುತ್ತದೆ. ಇಷ್ಟು ಹೊಂದಿಕೊಳ್ಳುವ ಸ್ವಭಾವ ನಮ್ಮ ಕನ್ನಡ ಕೂಟದ ದಸರಾ ಸಮಿತಿಯಲ್ಲೂ ನಾನು ಕಂಡಿಲ್ಲ. ಅಲ್ಲಿ ಹಬ್ಬ ಯಾವತ್ತೇ ಇರಲಿ, ಹಾಲ್ ಸಿಗುವ ಶನಿವಾರವೇ ವಿಜಯದಶಮಿ.

“ಅಂಗಡಿ ಮುಂದೆ ಸೇವಂತಿಗೆ ಕುಂಡ ಸಾಲಾಗಿ ಇಟ್ಟಿರ್ತಾರಲ್ಲ, ಎರಡು ತಂದರಾಯ್ತು,” ಎನ್ನುತ್ತಾರೆ ನಮ್ಮವರು. ಇಟ್ಟಿರುತ್ತಾರೆ, ನಿಜ. ಇಲ್ಲಿ ಅದಕ್ಕೆ ಮಮ್ ಎಂದು ಹೆಸರು. ಕುಂಬಳಕಾಯಿಯ ಪಕ್ಕ ಗುಂಡಗೆ ಬಾಬ್ ಕಟ್ ಮಾಡಿಸಿಕೊಂಡು ಕೂತಿರುತ್ತದೆ. ಒಂದು ದಿನ ನೀರು ಮರೆತರೆ ಸಾಕು, ಸಂಜೆಗೆ ತಲೆ ಕೆಳಗೆ. ಹ್ಯಾಲೋವೀನ್ ಮುಗಿದ ಮರುದಿನ ಅಷ್ಟೂ ಕಸದ ಗಾಡಿಗೆ. ಮುತ್ತೈದೆಯರ ಮುಡಿಗೆ ಹೋಗುವ ಹೂವನ್ನು ಕುಂಡದ ಸಮೇತ ಎಸೆಯುವುದನ್ನು ನೋಡಿದಾಗೆಲ್ಲ ನನಗೆ ಹೊಟ್ಟೆ ಉರಿಯುತ್ತದೆ. ಸಿಕ್ಕಿದಲ್ಲಿಂದ ಒಂದೆರಡನ್ನು ಎತ್ತಿಕೊಂಡೂ ಬಂದಿದ್ದೇನೆ. ಅದು ಬೇರೆ ಕಥೆ.

ಆಸ್ಟರಿನ ಗತ್ತೇ ಬೇರೆ. ಅದರ ತವರನ್ನು ನೋಡಿದರೆ ಗೊತ್ತಾಗುತ್ತದೆ. 1859ರಲ್ಲಿ ಶುರುವಾದ ನಮ್ಮೂರ ಮಿಸ್ಸೌರಿ ಸಸ್ಯೋದ್ಯಾನದವರು, ಊರಿನ ಕಲ್ಲಿದ್ದಲ ಹೊಗೆಗೆ ಗಿಡಗಳು ಬಾಳುತ್ತಿಲ್ಲವೆಂದು 1925ರಲ್ಲಿ ಗ್ರೇ ಸಮ್ಮಿಟ್ ಎಂಬಲ್ಲಿ ದೊಡ್ಡ ಜಾಗ ಕೊಂಡರು. ಈಗದು ಶಾ ನೇಚರ್ ರಿಸರ್ವ್. ಆ ಕಡೆಯ ಗುಡ್ಡಗಳ ಬಿಸಿಲ ಮೈಯಲ್ಲಿ ಗ್ಲೇಡ್ ಎನ್ನುವ ಬೋಳು ಜಾಗಗಳಿವೆ. ಸುಣ್ಣಕಲ್ಲಿನ ಬಂಡೆ, ಮೇಲೆ ಬೆರಳುದ್ದ ಮಣ್ಣು. ಆಗಸ್ಟಿನಲ್ಲಿ ಬರಿಗಾಲು ಇಡಲಾಗದು. ಅಂಥ ಕಡೆ, ಕಲ್ಲಿನ ಸಂದಿಗೆ ಬೇರು ಇಳಿಸಿಕೊಂಡು ಈ ಆಸ್ಟರ್ ತಾನಾಗಿ ಬೆಳೆಯುತ್ತದೆ. ನೆಟ್ಟ ಮೊದಲ ವರ್ಷ ಬೇರು ಹಿಡಿಯುವ ತನಕ ನೀರು ಕೊಟ್ಟರೆ ಮುಗಿಯಿತು. ಆಮೇಲೆ ಬೇಕಾದದ್ದು ಬಿಸಿಲು, ನೀರು ನಿಲ್ಲದ ನೆಲ, ಮತ್ತು ಯಜಮಾನಿತಿಯ ಉದಾಸೀನ. ಗೊಬ್ಬರ ಹಾಕಿ ನೀರುಣಿಸಿ ಮುದ್ದು ಮಾಡಿದರೆ ಉದ್ದುದ್ದ ಬೆಳೆದು ನಡುವೆ ಬಾಯಿ ಬಿಟ್ಟು ಸುತ್ತಲೂ ಬಿದ್ದುಕೊಳ್ಳುತ್ತದೆ.

ಒಂದು ವರ್ಷ ಅಮ್ಮ ಚಿಕ್ಕಬಳ್ಳಾಪುರದಿಂದ ಬೇಸಿಗೆಗೆ ಬಂದವಳು ದಸರೆ ಮುಗಿಸಿಕೊಂಡೇ ಹೋಗುವುದೆಂದಾಗಿತ್ತು. ಅವಳ ತವರಿನಲ್ಲಿ ಹೂವಿನ ಬೇಸಾಯ. ಅವಳಿಗೆ ಆಸ್ಟರ್ ಎಂದರೆ ಚೀನಾ ಆಸ್ಟರ್: ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಕಾಮಿನಿ, ಪೂರ್ಣಿಮಾ, ಶಶಾಂಕ್. ಬೀಜ ಚೆಲ್ಲಿ, ಪೈರು ನೆಟ್ಟು, ಹೂ ಬಿಡಿಸಿ, ಆಮೇಲೆ ಗಿಡ ಕಿತ್ತು ಇನ್ನೊಂದು ಬೆಳೆ. ವರ್ಷವರ್ಷ ಅದೇ ಬುಡದಿಂದ ಚಿಗುರುವ, ಜೂನಿನಲ್ಲಿ ಒಂದು ಮೊಗ್ಗೂ ಇಲ್ಲದ ನನ್ನ ಪೊದೆಯನ್ನು ಅವಳು ಸುತ್ತು ಹಾಕಿ ನೋಡಿದಳು.

“ಇದು ಆಸ್ಟರ್ರಾ? ಯಾರೇ ಹೇಳಿದ್ದು ನಿಂಗೆ?”

ಅದೇ ವಾರ ಬಡಾವಣೆಯ ಸಂಘದಿಂದ ‘ಮನೆಯ ಮುಂದಿನ ಕಳೆ ತೆಗೆಯಿರಿ’ ಎಂದು ಪತ್ರ ಬಂದು ಅವಳ ಅನುಮಾನಕ್ಕೆ ಸರ್ಕಾರಿ ಮೊಹರು ಬಿದ್ದ ಹಾಗಾಯಿತು. ಅವರಿಗೆ ಉತ್ತರ ಬರೆದೆ. ಅಮ್ಮನಿಗೆ ಉತ್ತರ ಕೊಡುವುದು ಅಷ್ಟು ಸುಲಭವಿರಲಿಲ್ಲ.

ಇಲ್ಲಿನ ತೋಟದವರಲ್ಲಿ ಒಂದು ಬಾಯಿಮಾತಿನ ಲೆಕ್ಕವಿದೆ. ಆಸ್ಟರಿನ ಕುಡಿ ಚಿವುಟುವುದಿದ್ದರೆ ಜುಲೈ 4ರ ಪಟಾಕಿಗೆ ಮುಂಚೆ ಚಿವುಟಿ ಮುಗಿಸಬೇಕು. ತಡವಾದರೆ ಕತ್ತರಿಗೆ ಮೊಗ್ಗೇ ಸಿಕ್ಕೀತು. ಬೆಳೆಯುವ ಗಿಡವನ್ನು ಅರ್ಧಕ್ಕೆ ಕತ್ತರಿಸಿದರೆ ಅಮ್ಮ ನೊಂದುಕೊಳ್ಳುತ್ತಾಳೆಂದು ಅವಳು ಮಲಗಿದ ಮಧ್ಯಾಹ್ನ ನೋಡಿ ಕತ್ತರಿ ಹಿಡಿದು ಹೊರಟೆ. ಬಾಗಿಲಲ್ಲೇ ನಿಂತಿದ್ದಳು. “ಕುಡಿ ಚಿವುಟೋಕೆ ಈಗ ಬಂದ್ಯಾ? ನಾನಾಗಿದ್ರೆ ಇಷ್ಟು ಹೊತ್ತಿಗೆ ಎರಡು ಸಲ ಚಿವುಟಿರ್ತಿದ್ದೆ. ಕವಲು ಒಡೀದೆ ಹೂ ಎಲ್ಲಿಂದ ಬರುತ್ತೆ?” ಎಂದವಳೇ ಕತ್ತರಿ ಪಕ್ಕಕ್ಕಿಟ್ಟು, ಹೆಬ್ಬೆರಳ ಉಗುರಿನಲ್ಲೇ ಚಕಚಕ ಚಿವುಟುತ್ತ ಹೋದಳು. ನನ್ನ ಪುಸ್ತಕದಲ್ಲಿ ಅದಕ್ಕೆ ಚಿತ್ರ ಸಮೇತ ಎರಡು ಪುಟವಿದೆ.

ಚಿವುಟುವ ವಿಷಯದಲ್ಲಿ ಒಂದಾದೆವು. ನೀರಿನಲ್ಲಿ ಮಾತ್ರ ಆಗಲಿಲ್ಲ. “ಹಾಕಬೇಡಮ್ಮ, ಅದಕ್ಕೆ ನೀರು ಸೇರಲ್ಲ” ಎಂದರೆ, ನೀರು ಸೇರದ ಗಿಡ ಭೂಮಿ ಮೇಲೆ ಉಂಟೇನೇ ಎಂದು ನನ್ನನ್ನೇ ಮರುಕದಿಂದ ನೋಡುವಳು. ನಾವು ಏಳುವ ಮೊದಲೇ ಎದ್ದು, ಅಕ್ಕಿ ತೊಳೆದ ನೀರನ್ನು ಚೊಂಬಿನಲ್ಲಿ ಹಿಡಿದು ಹೋಗಿ ಬುಡಕ್ಕೆ ಸುರಿಯುವಳು. ಚಿಕ್ಕಬಳ್ಳಾಪುರದಲ್ಲಿ ಕೊಳವೆಬಾವಿ ಸಾವಿರ ಅಡಿ ದಾಟಿಯೂ ಧೂಳೆಬ್ಬಿಸುವುದನ್ನು ಕಂಡವಳು ಅವಳು. ನಲ್ಲಿ ತಿರುಗಿಸಿದರೆ ನೀರು ಬರುವ ಊರಲ್ಲಿ ಗಿಡವನ್ನು ಒಣಗಲು ಬಿಡುವುದು ಅವಳ ಪಾಲಿಗೆ ನೀರಿನ ಉಳಿತಾಯವಲ್ಲ, ಕೈ ಬಿಗಿ.

ಸೆಪ್ಟೆಂಬರಿಗೆ ಗಿಡ ಮೈದುಂಬಿ, ಕುಡಿ ಚಿವುಟಿದ್ದನ್ನೂ ಲೆಕ್ಕಿಸದೆ ನಾಲ್ಕೂ ದಿಕ್ಕಿಗೆ ಮಲಗಿತು. ಅಮ್ಮ ವಿಚಲಿತಳಾಗಲಿಲ್ಲ. ಅಳಿಯನ ಹಳೇ ಪಂಚೆಯ ಅಂಚು ಹರಿದು ಸುತ್ತಲೂ ಕಟ್ಟಿ ನಿಲ್ಲಿಸಿದಳು. ಕಾಲುದಾರಿಯಲ್ಲಿ ನಾಯಿ ಹಿಡಿದು ಹೋಗುವವರು ಪಂಚೆ ಉಟ್ಟ ಗಿಡವನ್ನು ನೋಡಿ ನಿಲ್ಲತೊಡಗಿದರು.

ಹೂ ಬಂದ ಮೇಲೆ ಅವಳ ಬೆಳಗು ಅಲ್ಲೇ. ಮೆಕ್ಸಿಕೋ ಕಡೆ ಹೊರಟ ಮೊನಾರ್ಕ್ ಚಿಟ್ಟೆಗಳು, ಚಳಿಗೆ ಮುಂಚಿನ ಕೊನೆಯ ಬೇಟೆಗೆ ಬಂದ ಜೇನುಗಳು. ಹೂವಿನ ನಡುವಿನ ಹಳದಿ ಬೊಟ್ಟು ಹಳತಾದ ಹಾಗೆ ಕೆಂಪಿಗೆ ತಿರುಗುತ್ತದೆ ಎಂದು ನಾನು ವರ್ಷಗಟ್ಟಲೆ ಬೆಳೆದೂ ಗಮನಿಸಿರಲಿಲ್ಲ. ಅಮ್ಮ ತೋರಿಸಿದಳು: “ನೋಡು, ಮೊದಲು ಅರಿಶಿನ, ಆಮೇಲೆ ಕುಂಕುಮ.” ಕೆಂಪಾದ ಹೂವನ್ನು ಜೇನು ಹೆಚ್ಚು ಮೂಸುವುದಿಲ್ಲ. ಹಾಗಾಗಿ ಅವಳು ಪೂಜೆಗೆ ಅವನ್ನೇ ಬಿಡಿಸಿದಳು, ಅರಿಶಿನದ್ದೆಲ್ಲ ಜೇನಿಗೆ. ತೊಟ್ಟು ಬಿರುಸು, ಕಟ್ಟಲು ಬಗ್ಗದು, ಎಸಳು ಬೇಗ ಮುದುರುತ್ತದೆ ಎಂದು ಬೈದುಕೊಂಡೇ ಮಾರುದ್ದ ಕಟ್ಟಿದಳು. ಆಯುಧಪೂಜೆಯ ದಿನ ಅದರಲ್ಲಿ ಒಂದು ಮೊಳ ಕಾರಿಗೂ, ಉಳಿದದ್ದು ಹುಲ್ಲು ಕತ್ತರಿಸುವ ಮೆಷಿನ್ನಿಗೂ ಆಯಿತು.

ಈಗ ಅವಳ ಮಂಡಿ ಅಷ್ಟು ಹೊತ್ತಿನ ವಿಮಾನಕ್ಕೆ ಒಪ್ಪುವುದಿಲ್ಲ. ಗಿಡ ತನ್ನ ಪಾಡಿಗೆ, ಒಂದೂವರೆ ಅಡಿಯ ಮರ್ಯಾದೆಯಲ್ಲಿ, ಯಾರ ಪಂಚೆಯ ಹಂಗೂ ಇಲ್ಲದೆ ನಿಲ್ಲುತ್ತದೆ. ಬೇಸಿಗೆಯಲ್ಲಿ ವಾರಗಟ್ಟಲೆ ಮಳೆ ಇಲ್ಲದಿದ್ದರೂ ನಾನು ಅದರ ಕಡೆ ನೋಡುವುದಿಲ್ಲ. ಭಾನುವಾರ ವೀಡಿಯೊ ಕಾಲ್‌ನಲ್ಲಿ ಅಳಿಯ, ಮೊಮ್ಮಕ್ಕಳು, ಬಿಪಿ ಮಾತ್ರೆ ಎಲ್ಲ ಆದ ಮೇಲೆ ಅವಳು ಕೇಳುತ್ತಾಳೆ, “ಗಿಡಕ್ಕೆ ನೀರು ಹಾಕಿದ್ಯಾ?”

“ಹೂಂ, ಹಾಕಿದೆ.”

“ಅಕ್ಕಿ ತೊಳೆದದ್ದು ತಾನೆ?”

“ಅದೇ ಅಮ್ಮ. ಮೊದಲನೇ ನೀರು.”