ಮೂರು ಸುತ್ತಿನ ಸ್ಕ್ರೂ

ಖಾರಘರದಲ್ಲಿ ಎಲ್ಲವೂ ಹೊಸತು. ಸಿಡ್ಕೊ ಗೆರೆ ಎಳೆದು ಕಟ್ಟಿದ ಸೆಕ್ಟರುಗಳು, 2023ರ ನವೆಂಬರಿನಿಂದ ಬೇಲಾಪುರ-ಪೇಂಧರ ನಡುವೆ ಓಡುವ ಮೆಟ್ರೊ. ಹಳೆಯದನ್ನು ರಿಪೇರಿ ಮಾಡುವ ಗಲ್ಲಿಯೊಂದನ್ನು ಮಾತ್ರ ಯಾರೂ ಪ್ಲಾನಿನಲ್ಲಿ ಬರೆಯಲಿಲ್ಲ. ಹಾಗಾಗಿ ನಮ್ಮ ಸೆಕ್ಟರಿನ ಕಲಬುರಗಿ ಕಡೆಯ ಟೇಲರ್, ಮಶೀನು ನಿಂತರೆ ನನಗೇ ಫೋನು ಮಾಡುತ್ತಾರೆ. ನಾನು ತಳೋಜಾದಲ್ಲಿ ಫಿಟರ್ ಆಗಿದ್ದವನು.

ಜೂನ್ ಮೊದಲ ವಾರ, ಶಾಲೆಯ ಯೂನಿಫಾರ್ಮುಗಳ ರಾಶಿ. ಹಳೆಯ ಜೂಕಿಯ ನೀಡಲ್ ಪ್ಲೇಟಿನ ಎರಡು ಸ್ಕ್ರೂಗಳಲ್ಲಿ ಒಂದು ಕಸದೊಂದಿಗೆ ಹೋಗಿತ್ತು.

“ಹಾರ್ಡ್‌ವೇರ್ ಅಂಗಡಿದು ಮೂರ ಸುತ್ತ ಸಲೀಸ ಹೋಗ್ತದ್ರಿ, ಆಮ್ಯಾಲ ಬಿಗಿ ಆಗ್ತದ. ಜೋರ ಹಚ್ಲೇನ್ರಿ ಸರ?”

“ಬ್ಯಾಡ್ರಿ, ಮುಟ್ಟಬ್ಯಾಡ್ರಿ!”

ಜೋರು ಹಚ್ಚಿದರೆ ಹಾಳಾಗುವುದು ಸ್ಕ್ರೂ ಅಲ್ಲ, ಮಶೀನಿನೊಳಗಿನ ಥ್ರೆಡ್ಡು (ಇಲ್ಲಿಯವರ ಬಾಯಲ್ಲಿ ‘ಆಟೆ’).

ಉಳಿದ ಸ್ಕ್ರೂ ಬಿಚ್ಚಿ ಅಳೆದೆ. ದಪ್ಪ 4.36 ಮಿ.ಮೀ., ಅಂದರೆ 11/64 ಇಂಚು. ಪಿಚ್ ಗೇಜಿನಲ್ಲಿ 40ರ ಎಲೆ ಬೆಳಕು ಬಿಡದೆ ಕೂತಿತು: ಇಂಚಿಗೆ 40 ಆಟೆ. ಅಂಗಡಿಯವನು ಕೊಟ್ಟದ್ದು ಎಂ4. ದಪ್ಪ 4, ಪಿಚ್ 0.7. ಇದರದು 0.635. ಆ ಕೂದಲೆಳೆಯ ವ್ಯತ್ಯಾಸ ಪ್ರತಿ ಸುತ್ತಿಗೂ ಕೂಡುತ್ತ ನಾಲ್ಕನೆಯದರಲ್ಲಿ ಕಚ್ಚಿಕೊಳ್ಳುತ್ತದೆ. ಜಪಾನಿನ ಮಶೀನಿಗೆ ಇಂಚಿನ ಸ್ಕ್ರೂ ಯಾಕೆ ಎಂದರೆ, ಹೊಲಿಗೆ ಯಂತ್ರಗಳ ಲೋಕವೇ ಆ ಹಳೆಯ ಅಳತೆಗಳನ್ನು ಬಿಡಲಿಲ್ಲ. ಇನ್ನೂ ದೊಡ್ಡ ಮೋಸಗಾರ 15/64-28. ದಪ್ಪ 5.95, ಅವಸರದಲ್ಲಿ ಅಳೆದವರು ಎಂ6 ಎಂದೇ ಆಣೆ ಮಾಡುತ್ತಾರೆ.

ಪಕ್ಕದಲ್ಲಿದ್ದ ಸಿಂಗರ್ 31ಕೆ ಇನ್ನೂ ಹಿರಿದು. ‘ಕೆ’ ಎಂದರೆ ಸ್ಕಾಟ್ಲೆಂಡಿನ ಕಿಲ್ಬೋವಿ ಕಾರ್ಖಾನೆ, 1980ರಲ್ಲೇ ಮುಚ್ಚಿದ್ದು. ಅದರ ಭಾಗಗಳ ಮೇಲಿನ ಎಣ್ಣೆಜಿಡ್ಡು ಒರೆಸಿದರೆ ‘ಸಿಮ್ಯಾಂಕೊ’ ಎಂಬ ಕಂಪನಿಯ ಚುಟುಕು ಹೆಸರು, ಜೊತೆಗೊಂದು ನಂಬರು. ಅಂಗಡಿಗೆ ಕಳಿಸಬೇಕಾದ ಫೋಟೊ ಅದರದು. ಬೆಡ್ಡಿನ ಮೇಲಿನ ಸೀರಿಯಲ್ ನಂಬರು ಮಶೀನಿನ ವಯಸ್ಸು ಹೇಳೀತು, ಬಿಡಿಭಾಗ ಹುಡುಕಿಕೊಡದು.

ಹಾರ್ಬರ್ ಲೈನಿನಲ್ಲಿ ಕುರ್ಲಾ, ಅಲ್ಲಿ ಗಾಡಿ ಬದಲಿಸಿ ಸಾಯನ್, ಅಲ್ಲಿಂದ ನಡೆದು ಧಾರಾವಿ. ಮಾದರಿ ಸ್ಕ್ರೂ ಕಿಸೆಯಲ್ಲೇ ಇತ್ತು, ಹತ್ತು ತಂದೆ. ಒಂದು ಹಾಕಿ, ಉಳಿದ ಒಂಬತ್ತನ್ನು ಟೇಲರ್ ಬಾಬಿನ್ ಡಬ್ಬಿಗೆ ಸುರಿದು, ಮುಚ್ಚಳದ ಮೇಲೆ ಚಾಕಿನಿಂದ 11/64-40 ಎಂದು ಬರೆದರು.