ಸೋಲೆಂಬ ಮಾತು

ಸೋಲೆಂದೊಡನೆ ಎದುರಾಳಿಯೊಬ್ಬನಿರಬೇಕೆಂದು ನಾವು ಭಾವಿಸುತ್ತೇವೆ. ಚುನಾವಣೆಯಲ್ಲಾಗಲಿ ಚದುರಂಗದಲ್ಲಾಗಲಿ ಒಬ್ಬನು ಗೆದ್ದಲ್ಲದೆ ಮತ್ತೊಬ್ಬನು ಸೋಲುವಂತಿಲ್ಲ. ಆದರೆ ಕನ್ನಡದ ಈ ಮಾತಿಗೆ ವೈರಿಯ ಅಪೇಕ್ಷೆಯೇ ಇಲ್ಲ. ಆಗುಂಬೆಯ ಘಟ್ಟವನ್ನು ನಡೆದೇರಿದವನು ‘ಕಾಲು ಸೋತವು’ ಎನ್ನುತ್ತಾನೆ. ಇರುಳೆಲ್ಲ ಮೆಟ್ಟುಗತ್ತಿಯ ಮುಂದೆ ಕುಳಿತು ಅಡಕೆ ಸುಲಿದ ಹೆಂಗಸು ‘ಕೈ ಸೋತುಹೋಯಿತು’ ಎನ್ನುತ್ತಾಳೆ. ಅಲ್ಲಿ ಗೆದ್ದವರು ಯಾರು?

ಹಳಗನ್ನಡದ ಸೋಲ್ ಧಾತುವು ಸೋಲ್ತು ಎಂದಾಗಿ, ಲಕಾರವು ಲೋಪವಾಗಿ ಸೋತು ಎಂದು ನಿಂತಿತು. ತಮಿಳಿನಲ್ಲಿ ಇದೇ ತೋಲ್. ಅಲ್ಲಿ ಪರಾಜಯವೆಂಬರ್ಥವೇ ಮುಖ್ಯ. ತೆಲುಗಿನ ಸೋಲು ಎಂಬುದಕ್ಕಾದರೋ ಬಸವಳಿಯುವುದು, ಮೈಮರೆಯುವುದು ಎಂದರ್ಥ. ಪರಾಜಯಕ್ಕೆ ಅವರು ಓಡು ಎಂಬ ಬೇರೆ ಮಾತನ್ನಿಟ್ಟುಕೊಂಡಿದ್ದಾರೆ. ನಮ್ಮಲ್ಲಿ ಎರಡೂ ಒಂದೇ ಮಾತಿನಲ್ಲಿ ಉಳಿದಿವೆ. ಸಾಲದೆಂಬಂತೆ ಮನಸೋಲುವುದೂ ಸೇರಿದೆ. ಶತ್ರುವಿಗೆ ಸೋತನು, ಹಾಡಿಗೆ ಸೋತನು: ವಿಭಕ್ತಿಯೂ ಒಂದೇ! ಬಳಲಿಕೆಯೇ ಮೂಲಾರ್ಥವೆಂದು ನನಗೆ ತೋರುತ್ತದೆ. ಅದನ್ನೊಪ್ಪಿದರೆ ಉಳಿದೆರಡೂ ಸುಲಭವಾಗಿ ಹೊರಡುತ್ತವೆ.

ಸಂಸ್ಕೃತದಲ್ಲಿಯೂ ಇದಕ್ಕೊಂದು ಸಾಕ್ಷಿಯುಂಟು. ಪರಾ ಉಪಸರ್ಗದೊಡನೆ ಜಿ ಧಾತುವು ಸೇರಿದಾಗ ಯಾವುದು ಸಹಿಸಲಸಾಧ್ಯವೋ ಅದಕ್ಕೆ ಪಾಣಿನಿಯು ಅಪಾದಾನಸಂಜ್ಞೆಯನ್ನು ವಿಧಿಸಿದ್ದಾನೆ. ಅಧ್ಯಯನದಿಂದ ಪರಾಜಿತನಾಗುವ ವಿದ್ಯಾರ್ಥಿಯೇ ವೈಯಾಕರಣರ ಉದಾಹರಣೆ. (ಪಾಠಶಾಲೆಯ ಹುಡುಗರು ಈ ಸೂತ್ರವನ್ನು ಮಾತ್ರ ಎಂದೂ ಮರೆಯುತ್ತಿರಲಿಲ್ಲ!) ಅದಕ್ಕೆ ಅವರು ಕೊಡುವ ಅರ್ಥ ‘ಗ್ಲಾಯತಿ’, ಬಳಲುತ್ತಾನೆ ಎಂದು. ಧಾತುಪಾಠದಲ್ಲಿ ಈ ಗ್ಲೈ ಧಾತುವಿನ ಪಕ್ಕದಲ್ಲಿಯೇ ಬಾಡುವುದೆಂಬ ಮ್ಲೈ ಇದೆ. ಎರಡಕ್ಕೂ ಹರ್ಷಕ್ಷಯವೆಂದೇ ಅರ್ಥ ಹೇಳಿದೆ.

ಬಾಡುವುದೆಂದಾಗ ಶೃಂಗೇರಿಯ ಸೀಮೆಯವರಿಗೆ ಮಂಡನಮಿಶ್ರರ ನೆನಪಾಗದಿರದು. ಶಂಕರರೊಡನೆ ಅವರು ವಾದಕ್ಕೆ ಕುಳಿತಾಗ ಉಭಯಭಾರತಿಯು ಇಬ್ಬರ ಕೊರಳಿಗೂ ಮಾಲೆ ಹಾಕಿದಳೆಂದೂ ಮಂಡನರ ಮಾಲೆ ಬಾಡಿತೆಂದೂ ಕಥೆ. ತೀರ್ಪನ್ನು ಹೂವೇ ಹೇಳಿತು. ಸೋತ ಅವರೇ ಸುರೇಶ್ವರಾಚಾರ್ಯರಾಗಿ ಶೃಂಗೇರಿಯ ಪೀಠವನ್ನೇರಿದರೆಂಬುದು ಸಂಪ್ರದಾಯ. ಈಚಿನ ವಿದ್ವಾಂಸರಲ್ಲಿ ಕೆಲವರು ಇಬ್ಬರೂ ಬೇರೆಯೆನ್ನುತ್ತಾರೆ. ಆ ಚರ್ಚೆ ಇಲ್ಲಿ ಬೇಡ.

ಇಂದು ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ಕಡೆ ಈ ಮಾತು ಹೆಚ್ಚಾಗಿ ಕಿವಿಗೆ ಬೀಳುವುದು ಅಡಕೆಯ ತೋಟಗಳಲ್ಲಿ. ಹಳದಿ ಎಲೆ ರೋಗ ತಗುಲಿದ ಮರದ ಸೋಗೆಯು ತುದಿಯಿಂದ ಹಳದಿಯಾಗುತ್ತ ಬಂದು, ಮಂಡೆ ಕಿರಿದಾಗಿ, ಕಾಯಿಯೊಳಗಿನ ತಿರುಳು ಕಪ್ಪಾಗುತ್ತದೆ. ಇದನ್ನು ವಾಸಿಮಾಡುವ ಮದ್ದು ಇಂದಿಗೂ ದೊರೆತಿಲ್ಲ. ‘ತೋಟ ಹೋಯಿತೆ?’ ಎಂದು ಕೇಳಿದರೆ ಯಜಮಾನರು ಒಪ್ಪುವುದಿಲ್ಲ. ‘ಹೋಗಿಲ್ಲ ಮಾರಾಯ್ರೆ, ಸೋತಿದೆ’ ಎಂದು ಹೇಳಿ, ಸೊಪ್ಪಿನ ಹೊರೆಯನ್ನೆತ್ತಿಕೊಂಡು ಮುಂದಿನ ಸಾಲಿಗೆ ನಡೆಯುತ್ತಾರೆ.