ಉಣುಗು, ದರಗು ಮತ್ತು ಒಂದು ಅರ್ಜಿ

ಎರಡು ತಿಂಗಳಿಂದ ಏನನ್ನೂ ಬರೆಯಲಿಲ್ಲವೇಕೆ ಎಂದು ಹಲವರು ವಿಚಾರಿಸಿದ್ದೀರಿ. ಆರೋಗ್ಯ ಚೆನ್ನಾಗಿಯೇ ಇದೆ. ಬರೆಯುವುದನ್ನೂ ಬಿಟ್ಟಿರಲಿಲ್ಲ, ಬರೆಯುತ್ತಿದ್ದುದು ಬೇರೊಂದು ಬಗೆಯ ಬರಹ. ಮೂಡಿಗೆರೆಯಲ್ಲಿ ನನ್ನ ಬಳಿ ಓದಿ, ಈಗ ಬೆಂಗಳೂರಿನಲ್ಲಿ ಉಣುಗುಗಳ ಅಧ್ಯಯನದಲ್ಲಿ ತೊಡಗಿರುವ ಶಿಷ್ಯೆಯೊಬ್ಬಳು ತನ್ನ ತಂಡದ ಸಂಶೋಧನಾ ಅನುದಾನದ ಅರ್ಜಿಯನ್ನು ಕಳುಹಿಸಿ, "ಮೇಷ್ಟ್ರೇ, ಇದನ್ನೊಮ್ಮೆ ಓದಿ. ನಿಮಗೆ ಅರ್ಥವಾಗದ ಕಡೆಯೆಲ್ಲ ಗೆರೆ ಹಾಕಿ" ಎಂದು ಕೇಳಿಕೊಂಡಿದ್ದಳು. ಕೆಂಪು ಪೆನ್ಸಿಲ್ ಹಿಡಿದು ಕುಳಿತೆ. ಗೆರೆ ಬೀಳದೆ ಉಳಿದ ಪುಟಗಳು ನಾಲ್ಕೋ ಐದೋ ಮಾತ್ರ.

ಅನುದಾನದ ಅರ್ಜಿಯೆಂದರೆ ಏನೆಂಬುದನ್ನು ಮೊದಲು ಹೇಳಿಬಿಡುತ್ತೇನೆ. ಶಾಲೆಯ ಪ್ರಯೋಗಾಲಯಕ್ಕೆ ಗಾಜಿನ ಸಾಮಾನು ಬೇಕೆಂದು ನಾವು ಇಲಾಖೆಗೆ ಬರೆಯುತ್ತಿದ್ದ ಮನವಿಗೂ ಇದಕ್ಕೂ ಅಜಗಜಾಂತರ. ಹಣ ನೀಡುವ ಸಂಸ್ಥೆ ಪ್ರಕಟಣೆ ಹೊರಡಿಸುತ್ತದೆ. ದೇಶದ ನಾನಾ ಕಡೆಯಿಂದ ತಂಡಗಳು ಸ್ಪರ್ಧೆಗೆ ನಿಲ್ಲುತ್ತವೆ. ಕೆಲವಕ್ಕೆ ಮಾತ್ರ ಹಣ ದೊರೆಯುತ್ತದೆ. 2008ರ ಕಾಯ್ದೆಯಂತೆ ರಚನೆಯಾದ ವಿಜ್ಞಾನ ಮತ್ತು ಎಂಜಿನಿಯರಿಂಗ್ ಸಂಶೋಧನಾ ಮಂಡಳಿ ಹಿಂದೆ ನಡೆಸುತ್ತಿದ್ದ ಇಂತಹ ಕೆಲಸ, 2023ರ ಕಾಯ್ದೆಯ ನಂತರ ಅನುಸಂಧಾನ್ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನಕ್ಕೆ ಸೇರಿದೆ. ಬೇರೆ ಸಂಸ್ಥೆಗಳೂ ಉಂಟು. ಈ ತಂಡ ಬರೆದದ್ದು ಯಾರಿಗೆ ಎಂಬುದು ಇಲ್ಲಿ ಮುಖ್ಯವಲ್ಲ. ಅರ್ಜಿಗೆ ಒಬ್ಬ ಪ್ರಧಾನ ಸಂಶೋಧಕ, ಕೆಲವರು ಸಹಸಂಶೋಧಕರು ಇರಬೇಕು. ಉದ್ದೇಶ, ವಿಧಾನ, ಯಾವ ತಿಂಗಳಲ್ಲಿ ಯಾವ ಕೆಲಸವೆಂಬ ಪಟ್ಟಿ, ಆಯವ್ಯಯ ಎಲ್ಲವನ್ನೂ ವಿವರಿಸಬೇಕು. ಉಪಕರಣ, ಸಿಬ್ಬಂದಿ ವೇತನ, ಪ್ರಯಾಣ, ಸಾದಿಲ್ವಾರು ಎಂದು ಖರ್ಚನ್ನು ಬಾಬುವಾರು ಬಿಡಿಸಬೇಕು. ಮನುಷ್ಯರಿಂದ ಮಾಹಿತಿ ಪಡೆಯುವುದಾದರೆ ನೈತಿಕ ಸಮಿತಿಯ ಒಪ್ಪಿಗೆ, ಕಾಡಿನಲ್ಲಿ ಇಲಿ ಹಿಡಿಯುವುದಾದರೆ ಅರಣ್ಯ ಇಲಾಖೆಯ ಅನುಮತಿ. ಅನಂತರ, ಹೆಸರು ಹೊರಗೆ ಬಾರದ ಪರಿಣತರು ಅದನ್ನು ಓದಿ ತೂಗುತ್ತಾರೆ.

ಇವರ ವಿಷಯ ಮಂಗನ ಕಾಯಿಲೆ. ಕಾಫಿ ತೋಟ ಮತ್ತು ಕಾಡು ಸೇರುವ ಅಂಚಿನಲ್ಲಿ ದುಡಿಯುವವರಿಗೆ ಅದು ತಗಲುವ ಬಗೆಯನ್ನು ಅರಿಯುವುದು ಉದ್ದೇಶ. ತಂಡದಲ್ಲಿ ಐವರು: ಉಣುಗು ಬಲ್ಲ ನನ್ನ ಶಿಷ್ಯೆ, ಒಬ್ಬ ಪಶುವೈದ್ಯ, ಒಬ್ಬ ವೈದ್ಯೆ, ಉಪಗ್ರಹ ಚಿತ್ರಗಳಿಂದ ನಕ್ಷೆ ಮಾಡುವ ಸಂಖ್ಯಾಶಾಸ್ತ್ರಜ್ಞ, ಒಬ್ಬ ಸಮಾಜಶಾಸ್ತ್ರಜ್ಞೆ.

ಈ ಕಾಯಿಲೆಯ ಕತೆಯೇ ಹಲವು ಶಾಸ್ತ್ರಗಳು ಕೂಡಿದ ಕತೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು. ಸುತ್ತಲಿನ ಹಳ್ಳಿಗರು ಜ್ವರದಿಂದ ಮಲಗಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದಿಂದ ಟೆಲ್ಫೋರ್ಡ್ ವರ್ಕ್ ಮತ್ತು ಅವರ ಸಂಗಡಿಗರು ಬಂದರು. ಮೊದಲು ಹಳದಿ ಜ್ವರವಿರಬಹುದೆಂಬ ಶಂಕೆಯಿತ್ತು. ಸಿಕ್ಕ ವೈರಾಣು ರಷ್ಯಾದ ಕಡೆಯ ಉಣುಗುಜ್ವರದ ವೈರಾಣುವಿನ ಬಳಗಕ್ಕೆ ಸೇರಿದ್ದೆಂದು ತಿಳಿದಾಗ, ವಲಸೆ ಹಕ್ಕಿಗಳೇ ಅದನ್ನು ತಂದವೋ ಎಂಬ ಪ್ರಶ್ನೆ ಎದ್ದಿತು. ಹಕ್ಕಿಗಳನ್ನು ಹಿಡಿದು ಕಾಲಿಗೆ ಉಂಗುರ ತೊಡಿಸಿ ಬಿಡುವ ದೊಡ್ಡ ಕೆಲಸವನ್ನು ಸಲೀಂ ಅಲಿಯವರ ನೇತೃತ್ವದಲ್ಲಿ ಮುಂಬಯಿಯ ನಿಸರ್ಗ ಇತಿಹಾಸ ಸಂಘವು 1959ರಲ್ಲಿ ಕೈಗೆತ್ತಿಕೊಂಡದ್ದು ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ. ಹಕ್ಕಿಯ ಊಹೆ ಸಿದ್ಧವಾಗಲಿಲ್ಲ. ಆದರೆ ನಮ್ಮ ದೇಶದ ಹಕ್ಕಿಗಳ ವಲಸೆಯ ಬಗೆಗೆ ತಿಳಿವಳಿಕೆ ಬೆಳೆದದ್ದು ಈ ಜ್ವರದ ನೆಪದಿಂದ. 1969ರಲ್ಲಿ ಬೊಶೆಲ್ ಎಂಬ ವಿಜ್ಞಾನಿ, ಕಾಡು ಕಡಿದು ಸಾಗುವಳಿ ಹಬ್ಬಿದ್ದು ಮತ್ತು ಜಾನುವಾರುಗಳು ಕಾಡಿನಲ್ಲಿ ಮೇಯುವುದು ಉಣುಗಿನ ಬಾಳನ್ನೇ ಬದಲಿಸಿದ ಬಗೆಯನ್ನು ಚರ್ಚಿಸಿದರು. ವೈರಾಣು, ಉಣುಗು, ಹಕ್ಕಿ, ದನ, ಗದ್ದೆ ಎಲ್ಲವೂ ಒಂದೇ ಪ್ರಶ್ನೆಯೊಳಗೆ ಬಂದುವು. 'ಅಂತರಶಾಸ್ತ್ರೀಯ' ಎಂಬ ಪದದ ಗದ್ದಲವಿಲ್ಲದೆ ಬಂದುವು.

ನಮ್ಮ ಜಿಲ್ಲೆಯೂ ಇದಕ್ಕೆ ಹೊರತಲ್ಲ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ಈ ಜ್ವರ ಕಾಣಿಸಿಕೊಂಡಿದೆ. 2024ರಲ್ಲಿ ಸಾವೂ ಸಂಭವಿಸಿತು. ರೋಗ ಬಂದ ನೂರರಲ್ಲಿ ಮೂರರಿಂದ ಐದು ಮಂದಿ ಉಳಿಯುವುದಿಲ್ಲವೆಂದು ವೈದ್ಯರು ಹೇಳುತ್ತಾರೆ. ದಶಕಗಳ ಕಾಲ ಕೊಡುತ್ತಿದ್ದ ಹಳೆಯ ಲಸಿಕೆ ಅಷ್ಟು ಪರಿಣಾಮಕಾರಿಯಲ್ಲವೆಂದು 2022ರಲ್ಲಿ ಅದನ್ನು ನಿಲ್ಲಿಸಲಾಯಿತು. ಉಣುಗು ಕಚ್ಚದಂತೆ ನೋಡಿಕೊಳ್ಳುವುದೇ ಮುಖ್ಯ ಉಪಾಯವಾಗಿ ಉಳಿಯಿತು.

ಶಿಷ್ಯೆಯ ತಂಡದ ಮೊದಲನೆಯ ಅರ್ಜಿ ಕಳೆದ ವರ್ಷ ತಿರಸ್ಕೃತವಾಗಿತ್ತು. ಪರಿಣತರ ಟಿಪ್ಪಣಿಗಳನ್ನೂ ಅವಳು ನನಗೆ ತೋರಿಸಿದಳು. ಬೈಗುಳವೇನೂ ಇರಲಿಲ್ಲ. ಐದು ಅರ್ಜಿಗಳನ್ನು ಹೊಲಿದು ಒಂದು ಮಾಡಿದಂತಿದೆ, ಒಬ್ಬರ ಕೆಲಸ ನಿಂತುಹೋದರೂ ಉಳಿದ ನಾಲ್ವರ ಕೆಲಸಕ್ಕೆ ಏನೂ ಆಗುವುದಿಲ್ಲ, ಹಾಗಿದ್ದರೆ ಇದು ತಂಡವಾಗುವುದು ಹೇಗೆ ಎಂಬುದು ಅವುಗಳ ಸಾರ. ನನಗೆ ಆ ಮಾತು ನ್ಯಾಯವೆನಿಸಿತು. ಪಶುವೈದ್ಯರ ಅಧ್ಯಾಯದಲ್ಲಿ ದನಗಳಿದ್ದವು, ಮನುಷ್ಯರಿರಲಿಲ್ಲ. ನಕ್ಷೆಯ ಅಧ್ಯಾಯದಲ್ಲಿ ಚೌಕಗಳಿದ್ದವು, ಊರುಗಳಿರಲಿಲ್ಲ. ಸಮಾಜಶಾಸ್ತ್ರಜ್ಞೆಯನ್ನು ಕೊನೆಯ ವಾರದಲ್ಲಿ ಸೇರಿಸಿಕೊಂಡಿದ್ದರು. ಆಕೆಗೆ ಎರಡು ಪುಟ. ಹಣದ ದೊಡ್ಡ ಪಾಲು ಒಂದು ಯಂತ್ರಕ್ಕೆ ಮೀಸಲಾಗಿತ್ತು.

ಹಿಂದೆ ಹೀಗಿರಲಿಲ್ಲವೆಂದು ಹೇಳುವುದಿಲ್ಲ. ಆದರೂ ಒಂದು ಸಂಗತಿ ನೆನಪಾಗುತ್ತದೆ. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಕೆನಡಾದಿಂದ ಬಂದ ಲೆಸ್ಲಿ ಕೋಲ್ಮನ್ ಅವರ ಹುದ್ದೆಯ ಹೆಸರಿನಲ್ಲೇ ಶಿಲೀಂಧ್ರಶಾಸ್ತ್ರ, ಕೀಟಶಾಸ್ತ್ರ ಎರಡೂ ಇದ್ದವು. ಅಡಿಕೆಯ ಕೊಳೆರೋಗದ ಬೆನ್ನು ಹತ್ತಿ ಅವರು ಮಲೆನಾಡಿನ ತೋಟಗಳಲ್ಲಿ ಕೆಲಸ ಮಾಡಿದರು. ಕಾಫಿಯ ಎಲೆರೋಗಕ್ಕೆ ಪರಿಹಾರ ಹುಡುಕಲು 1915ರಲ್ಲಿ ಕೊಪ್ಪದಲ್ಲಿ ತಾತ್ಕಾಲಿಕ ಘಟಕವೊಂದು, 1925ರಲ್ಲಿ ಬಾಳೆಹೊನ್ನೂರಿನ ಬಳಿ ಪ್ರಯೋಗ ಕೇಂದ್ರ ಆರಂಭವಾದವು. ತೋಟದಲ್ಲಿ ರೋಗ ಕಂಡದ್ದರಿಂದ ಕೇಂದ್ರ ಹುಟ್ಟಿತು. ಮೊದಲು ಪ್ರಶ್ನೆ, ಆಮೇಲೆ ಶಾಸ್ತ್ರ.

ಇದನ್ನೇ ಶಿಷ್ಯೆಗೆ ಹೇಳಿದೆ. "ಹಾಗಾದರೆ ನಾವೆಲ್ಲ ನಿಮ್ಮಲ್ಲಿಗೇ ಬರುತ್ತೇವೆ" ಎಂದಳು. ಐವರೂ ಬಂದರು. ನಮ್ಮ ಮನೆಯ ಜಗಲಿಯಲ್ಲಿ ಎರಡು ದಿನ ಮಾತು, ಜಗಳ, ಮತ್ತೆ ಮಾತು. ನನ್ನ ಮನೆಯವಳು ಮಾಡಿದ ಅಕ್ಕಿರೊಟ್ಟಿಯೊಂದೇ ಐವರೂ ಒಮ್ಮತದಿಂದ ಒಪ್ಪಿದ ವಿಷಯವಾಗಿತ್ತು ಮೊದಲ ದಿನ. 'ಅಪಾಯ' ಎಂಬ ಒಂದೇ ಪದವನ್ನು ಎಲ್ಲರೂ ಬಳಸುತ್ತಿದ್ದರು. ವೈದ್ಯೆಗೆ ಅದು ರೋಗಿ ಸಾಯುವ ಸಂಭವ. ಸಂಖ್ಯಾಶಾಸ್ತ್ರಜ್ಞನಿಗೆ ನಕ್ಷೆಯ ಕೆಂಪು ಚೌಕ. ಶಿಷ್ಯೆಗೆ ಒಂದು ಗಜ ಬಿಳಿಬಟ್ಟೆಯನ್ನು ನೆಲದ ಮೇಲೆ ಎಳೆದಾಗ ಹತ್ತುವ ಉಣುಗುಗಳ ಲೆಕ್ಕ. ಇದು ಬೆಳಕಿಗೆ ಬರಲು ಮಧ್ಯಾಹ್ನವಾಯಿತು.

ಎರಡನೆಯ ದಿನ ಕಳಸದ ಕಡೆಯ ತೋಟವೊಂದರ ಲೈನಿನಲ್ಲಿರುವ ಹೆಂಗಸೊಬ್ಬಳನ್ನು ಬರಹೇಳಿದೆ. ಅವಳ ಮಗ ನನ್ನ ಕೊನೆಯ ವರ್ಷದ ವಿದ್ಯಾರ್ಥಿ. ಅವಳ ತವರು ಕೊಪ್ಪದ ಕಡೆ. ತಮ್ಮನಿಗೆ ಈ ಜ್ವರ ಬಂದು, ಬದುಕಿದರೂ ತಿಂಗಳುಗಟ್ಟಲೆ ಕೆಲಸಕ್ಕೆ ಹೋಗಲಾಗಿರಲಿಲ್ಲ. ಬಂದವಳು ಮೊದಲು ಕೇಳಿದ್ದೇ, "ಇವತ್ತು ನಿಮ್ಮ ಹತ್ರ ಕೂತ್ರೆ ನನ್ನ ಹಾಜರಿ ಯಾರು ಹಾಕ್ತಾರೆ ಸಾರ್?" ಎಂದು. ಅರ್ಜಿಯ ಆಯವ್ಯಯದಲ್ಲಿ ಇದಕ್ಕೆ ಜಾಗವಿರಲಿಲ್ಲ. ಅಂದಿನ ಹಾಜರಿಯನ್ನು ತಂಡದವರೇ ಕೊಟ್ಟರು.

ಆಮೇಲೆ ಅವಳು ಹೇಳಿದ ಮಾತು ಅರ್ಜಿಯನ್ನೇ ಬದಲಿಸಿತು. "ಕಾಡಿಗೆ ಹೋಗ್ಬೇಡಿ ಅಂತ ಮೈಕಲ್ಲಿ ಕೂಗ್ತಾರೆ. ನಾವೆಲ್ಲಿ ಕಾಡಿಗೆ ಹೋಗ್ತೀವಿ? ದರಗು ಗುಡಿಸೋಕೆ ಹೋಗ್ತೀವಿ, ಸೌದೆಗೆ ಹೋಗ್ತೀವಿ. ಬೇಲಿ ದಾಟಿ ನಾಲ್ಕು ಮಾರು ಅಷ್ಟೆ. ಎಣ್ಣೆ ಕೊಟ್ಟಿದಾರೆ, ಹಚ್ಕೊತೀವಿ. ಹತ್ತು ಗಂಟೆ ಆಗೋದ್ರೊಳಗೆ ಬೆವರಲ್ಲಿ ಇಳಿದುಹೋಗತ್ತೆ."

ಸಂಖ್ಯಾಶಾಸ್ತ್ರಜ್ಞ ತನ್ನ ನಕ್ಷೆಯನ್ನು ತೆರೆದು ಬಹಳ ಹೊತ್ತು ನೋಡಿದ. ಅತ್ತಿ, ಹಲಸು, ಬೀಟೆ ಮರಗಳ ನೆರಳಿನಲ್ಲಿ ಬೆಳೆದ ನಮ್ಮ ಕಾಫಿ ತೋಟಕ್ಕೂ ಪಕ್ಕದ ಕಾಡಿಗೂ ಇರುವ ಗೆರೆ ಆಕಾಶದಿಂದ ತೆಗೆದ ಚಿತ್ರದಲ್ಲಿ ಸುಲಭವಾಗಿ ಕಾಣುವುದಿಲ್ಲವಂತೆ, ಎರಡೂ ಹಸಿರು. ಅವಳು ಹೇಳಿದ ನಾಲ್ಕು ಮಾರು ಜಾಗ ಯಾವ ನಕ್ಷೆಯಲ್ಲೂ ಇಲ್ಲ. ಅದನ್ನು ಬಲ್ಲವರು ಅಲ್ಲಿ ಗುಡಿಸುವವರು ಮಾತ್ರ.

ಅಂದು ಸಂಜೆ ಕರಿಹಲಗೆಯ ಬದಲು ಹಳೆಯ ಕ್ಯಾಲೆಂಡರಿನ ಬೆನ್ನಮೇಲೆ ಒಂದು ಕೋಷ್ಟಕ ಬರೆದೆವು. ಮೇಲಿನ ಸಾಲಿನಲ್ಲಿ ತೋಟದ ಕೆಲಸ: ನವೆಂಬರಿನಿಂದ ಅರೇಬಿಕಾ ಕೊಯ್ಲು, ಜನವರಿಯಿಂದ ರೋಬಸ್ಟಾ, ಬೇಸಿಗೆಯಲ್ಲಿ ದರಗು ಮತ್ತು ಸೌದೆ, ಕೊಯ್ಲಿನ ಬಳಿಕ ಕಪಾತು, ಮಳೆಗೆ ಮುನ್ನ ಮರಗಸಿ. ಕೆಳಗಿನ ಸಾಲಿನಲ್ಲಿ ಉಣುಗಿನ ಬಾಳು: ಮಳೆಗಾಲದಲ್ಲಿ ದನಗಳನ್ನು ಹತ್ತುವ ಬೆಳೆದ ಉಣುಗು, ಮಳೆ ಹಿಂದೆ ಸರಿದ ಮೇಲೆ ಮರಿ, ಚಳಿಗಾಲದಿಂದ ಮೇ ತಿಂಗಳವರೆಗೆ ಮನುಷ್ಯನನ್ನು ಹೆಚ್ಚಾಗಿ ಕಚ್ಚುವ ನಡುಹಂತದ ಸಣ್ಣ ಉಣುಗು. ಎರಡು ಸಾಲುಗಳೂ ದರಗು ಗುಡಿಸುವ ತಿಂಗಳುಗಳಲ್ಲಿ ಒಂದರ ಮೇಲೊಂದು ಬಂದು ನಿಂತವು. "ಇದೇ ನಮ್ಮ ಪ್ರಶ್ನೆ" ಎಂದಳು ಶಿಷ್ಯೆ.

ಹೊಸ ಅರ್ಜಿಗೆ ಒಂದೇ ಪ್ರಶ್ನೆ: ಯಾವ ತಿಂಗಳಲ್ಲಿ, ಯಾವ ಕೆಲಸದಲ್ಲಿ, ಯಾರ ಮೈಗೆ ಉಣುಗು ಹತ್ತುತ್ತದೆ, ಮತ್ತು ಆ ಕೆಲಸವನ್ನು ಬಿಡದೆಯೇ ಅದನ್ನು ತಪ್ಪಿಸುವುದು ಹೇಗೆ? ಈಗ ಒಬ್ಬರ ಕೆಲಸ ಇನ್ನೊಬ್ಬರಿಗೆ ಬೇಕೇ ಬೇಕು. ಸಮಾಜಶಾಸ್ತ್ರಜ್ಞೆ ಕೆಲಸಗಾರರೊಡನೆ ಜಾಗಗಳನ್ನು ಗುರುತಿಸುವವರೆಗೆ ಉಣುಗು ಹಿಡಿಯುವ ಜಾಗ ನಿಶ್ಚಯವಾಗದು. ಉಣುಗು, ದನಗಳ ಲೆಕ್ಕ ಸಿಗದೆ ನಕ್ಷೆ ಆಗದು. ನಕ್ಷೆಯಿಲ್ಲದೆ ವೈದ್ಯೆ ಯಾವ ಊರಲ್ಲಿ ಮೊದಲು ಎಚ್ಚರಿಸಬೇಕೆಂದು ತಿಳಿಯದು. ಸಮಾಜಶಾಸ್ತ್ರಜ್ಞೆಯ ಅಧ್ಯಾಯ ಮೊದಲಿಗೆ ಬಂತು. ದೊಡ್ಡ ಯಂತ್ರವನ್ನು ಕೈಬಿಟ್ಟು, ಇರುವ ಪ್ರಯೋಗಾಲಯಗಳೊಡನೆ ಒಪ್ಪಂದ ಮಾಡಿಕೊಳ್ಳುವುದೆಂದಾಯಿತು. ಮಾತಿಗೆ ಬಂದವರ ಹಾಜರಿಗೆ ಆಯವ್ಯಯದಲ್ಲಿ ಒಂದು ಬಾಬು ಸೇರಿತು. ಫಲಿತಾಂಶವನ್ನು ವಿದೇಶದ ಪತ್ರಿಕೆಗೆ ಕಳುಹಿಸುವ ಮೊದಲು ಲೈನುಗಳಲ್ಲಿ ಕನ್ನಡದಲ್ಲಿ ಓದಿ ಹೇಳುವುದೆಂಬ ಸಾಲನ್ನು ನಾನು ಹಟ ಹಿಡಿದು ಸೇರಿಸಿದೆ.

ಇದು ತೀರ ಹೊಸ ದಾರಿಯೇನಲ್ಲ. ಬ್ರಿಟನ್ನಿನ ಧನಸಹಾಯದಿಂದ ಅಲ್ಲಿನ ಪರಿಸರ ವಿಜ್ಞಾನಿಗಳು ಬೆಂಗಳೂರಿನ ಏಟ್ರೀ ಮೊದಲಾದ ಸಂಸ್ಥೆಗಳೊಡನೆ ಕೂಡಿ ಇದೇ ಕಾಯಿಲೆಯ ಬಗೆಗೆ ನಡೆಸಿದ ಅಧ್ಯಯನವೊಂದು 2020ರಲ್ಲಿ ಪ್ರಕಟವಾಯಿತು. ಆರೋಗ್ಯ, ಪಶು, ಅರಣ್ಯ ಇಲಾಖೆಗಳವರನ್ನು ಆರಂಭದಿಂದಲೇ ಜೊತೆಗೆ ಕೂರಿಸಿಕೊಂಡು ಮಾಡಿದ ಕೆಲಸವದು. ತೇವದ ನಿತ್ಯಹರಿದ್ವರ್ಣ ಕಾಡೂ ತೋಟಗಳೂ ಹೆಚ್ಚಿರುವ, ನಾಡದನಗಳು ದಟ್ಟವಾಗಿರುವ ಕಡೆ ಈ ರೋಗ ಕಾಣಿಸಿಕೊಳ್ಳುವ ಸಂಭವ ಹೆಚ್ಚೆಂದು ಅದು ತೋರಿಸಿತು. ಆ ವರ್ಣನೆ ನಮ್ಮೂರಿನದೇ ಅಲ್ಲವೆ?

ಮೂಡಿಗೆರೆಯವರಿಗೆ ಇಂತಹ ತಂಡದ ಪರಿಚಯ ಬೇರೆ ಮಾಡಿಸಬೇಕಿಲ್ಲ. ತೇಜಸ್ವಿಯವರ 'ಕರ್ವಾಲೊ' 1980ರಲ್ಲಿ ಬಂತು. ಹಾರುವ ಓತಿಯನ್ನು ಹುಡುಕಿ ಹೊರಟ ವಿಜ್ಞಾನಿಯ ಜೊತೆಯಲ್ಲಿದ್ದವರು ಜೇನು ಬಲ್ಲ ಮಂದಣ್ಣ, ಮರ ಹತ್ತುವ ಕರಿಯಪ್ಪ, ಹಾವು ಹಿಡಿಯುವ ಎಂಗ್ಟ, ಫೋಟೋ ತೆಗೆಯುವ ಪ್ರಭಾಕರ. ಊರಿನವರ ಕಣ್ಣಿಗೆ ಉಡಾಳನಾಗಿದ್ದ ಮಂದಣ್ಣನಲ್ಲಿ ಕರ್ವಾಲೊ ಒಬ್ಬ ವಿಜ್ಞಾನಿಯನ್ನು ಕಂಡರು. ತಂಡದ ಐವರಿಗೂ ಆ ಪುಸ್ತಕವನ್ನು ಓದಲು ಹೇಳಿದ್ದೇನೆ. ಕನ್ನಡ ಬಾರದ ಇಬ್ಬರಿಗೆ ನನ್ನ ಶಿಷ್ಯೆ ಕತೆ ಹೇಳುವ ಹೊಣೆ ಹೊತ್ತಿದ್ದಾಳೆ.

ಎರಡನೆಯ ಅರ್ಜಿ ಮೊದಲ ಸುತ್ತು ದಾಟಿದೆ. ಮುಂದಿನ ತಿಂಗಳು ಪರಿಣತರೆದುರು ನಿಂತು ಉತ್ತರಿಸಬೇಕು. ಹಣ ಬರಬಹುದು, ಬಾರದಿರಬಹುದು. ಹಣ ಬಂದರೂ ಈ ಬೇಸಿಗೆಯಲ್ಲಿ ದರಗು ಗುಡಿಸುವವರಿಗೆ ಅದರಿಂದ ಉಪಯೋಗವಿಲ್ಲ. ಸಂಶೋಧನೆ ಮುಗಿಯಲು ಮೂರು ವರ್ಷ ಬೇಕು. ಅದಕ್ಕೇ ಆ ಕೋಷ್ಟಕದ ಪ್ರತಿಯನ್ನು ಅವಳ ಕೈಯಲ್ಲೂ ಕೊಟ್ಟು ಕಳುಹಿಸಿದ್ದೇವೆ. ಅವಳ ಮಗ ಅದನ್ನು ದೊಡ್ಡಕ್ಷರದಲ್ಲಿ ಬರೆದು ಲೈನಿನ ಗೋಡೆಗೆ ಅಂಟಿಸಿದ್ದಾನೆ.

ತೋಟ ಇರುವ ಶಿಷ್ಯರಲ್ಲಿ, ಬಂಧುಗಳಲ್ಲಿ ನನ್ನದೊಂದು ಕೋರಿಕೆ. ನಿಮ್ಮ ಮನೆಯ ಹಳೆಯ ಮಳೆಪುಸ್ತಕಗಳನ್ನು ತೂಕಕ್ಕೆ ಹಾಕಬೇಡಿ. ಇಂಚು-ಸೆಂಟುಗಳಲ್ಲಿ ಅಜ್ಜಂದಿರು ಬರೆದಿಟ್ಟ ಲೆಕ್ಕ ಇವರಿಗೆ ಬೇಕಾಗಿದೆ. ದರಗಿಗೆ ಹೋಗುವವರಿಗೆ ಎಣ್ಣೆಯನ್ನು ನಡುವೆ ಇನ್ನೊಮ್ಮೆ ಹಚ್ಚಿಕೊಳ್ಳಲು ಬಿಡುವು ಕೊಡಿ. ಮೈಮುಚ್ಚುವ ಬಟ್ಟೆ, ಮರಳಿದ ಕೂಡಲೇ ಬಿಸಿನೀರಿನ ಸ್ನಾನಕ್ಕೆ ಅನುಕೂಲ ಮಾಡಿ. ಸತ್ತ ಮಂಗ ಕಂಡರೆ ಮುಟ್ಟದೆ, ಆಶಾ ಕಾರ್ಯಕರ್ತೆಗೋ ಆರೋಗ್ಯ ಕೇಂದ್ರಕ್ಕೋ ಅಂದೇ ತಿಳಿಸಿ. ಕೋಷ್ಟಕ ಬೇಕಾದವರು ಕೇಳಿ, ಕಳುಹಿಸಿಕೊಡುತ್ತೇನೆ. ಅದರಲ್ಲಿ ಬಿಟ್ಟುಹೋದ ಕೆಲಸವೇನಾದರೂ ಇದ್ದರೆ, ನಿಮ್ಮ ತೋಟದ ಆಳುಗಳನ್ನು ಕೇಳಿ ನನಗೆ ಬರೆಯಿರಿ.